ಬೆಳ್ವೊಲ ನಾಡು ತೆತ್ತ ಬೆಲೆ
ಚಾಳುಕ್ಯ-ಚೋಳ ಯುದ್ಧಗಳ ಕಾರಣ ಮತ್ತು ಪರಿಣಾಮ

ಗದಗ ತಾಲೂಕಿನ ಕೋಟುಮಚಗಿ ಗ್ರಾಮದಲ್ಲಿ ಕ್ರಿ.ಶ. 1012ನೆಯ ವರ್ಷದ ಶಾಸನವೊಂದು ದೊರೆತಿದೆ. ಕಲ್ಯಾಣ ಚಾಳುಕ್ಯರ ದೊರೆ ಐದನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಸೇರಿದ ಈ ಶಾಸನದಲ್ಲಿ ಆ ಕಾಲದ ಅಗ್ರಹಾರದ ಕಟ್ಟುಪಾಡುಗಳು ದಾಖಲಾಗಿವೆ. ಬೈದವನಿಗೆ ಒಂದು ದಂಡ, ಹೊಡೆದವನಿಗೆ ಅದಕ್ಕಿಂತ ಹೆಚ್ಚು, ಕಠಾರಿ ಹಿರಿದವನಿಗೆ ಮತ್ತೂ ಹೆಚ್ಚು, ಇರಿದವನಿಗೆ ಎಲ್ಲಕ್ಕಿಂತ ಹೆಚ್ಚು ಎಂದು ಅಪರಾಧಕ್ಕೆ ತಕ್ಕಂತೆ ದಂಡವನ್ನು ಗೊತ್ತುಪಡಿಸಲಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಕ್ತ ಹರಿಯುವ ಮೊದಲೇ, ಆಯುಧವನ್ನು ಒರೆಯಿಂದ ಹೊರಗೆಳೆದ ಮಾತ್ರಕ್ಕೇ ಮನುಷ್ಯನು ಸಮಾಜಕ್ಕೆ ಉತ್ತರ ಹೇಳಬೇಕಾಗಿತ್ತು.

ಈ ಕಟ್ಟುಪಾಡು ಬರೆಯಲ್ಪಡುವುದಕ್ಕೆ ಕೇವಲ ಐದು ವರ್ಷಗಳ ಹಿಂದೆ ಚೋಳರ ಮಹಾಸೈನ್ಯವೊಂದು ಕನ್ನಡ ನಾಡಿನೊಳಗೆ ನುಗ್ಗಿ ಊರೂರುಗಳನ್ನು ಸೂರೆಗೊಂಡಿತ್ತು. ಮುಂದಿನ ಐವತ್ತು ವರ್ಷಗಳಲ್ಲಿ ಅಂಥ ದಂಡಯಾತ್ರೆಗಳು ಎರಡೂ ಕಡೆಯಿಂದ ಮತ್ತೆ ಮತ್ತೆ ನಡೆದವು. ಊರಿನ ಜಗಳಕ್ಕೆ ದಂಡ ವಿಧಿಸುವವರಿದ್ದರು; ಎರಡು ರಾಜ್ಯಗಳ ಜಗಳಕ್ಕೆ ದಂಡ ವಿಧಿಸುವವರಿರಲಿಲ್ಲ. ಕೊನೆಗೆ ಆ ದಂಡವನ್ನು ತೆತ್ತವರು ಕಠಾರಿ ಹಿರಿಯದ ಜನರೇ. ಕೋಟುಮಚಗಿ, ಲಕ್ಕುಂಡಿ, ಗಾವರವಾಡ, ಅಣ್ಣಿಗೇರಿಗಳನ್ನೊಳಗೊಂಡ ಬೆಳ್ವೊಲ-300 ನಾಡಿನ ಶಾಸನಗಳನ್ನು ಒಟ್ಟಾಗಿಟ್ಟು ಓದಿದರೆ ಈ ಸತ್ಯ ಸ್ಪಷ್ಟವಾಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಈ ಓದು ಇತಿಹಾಸದ ಪಾಠವೂ ಹೌದು, ನೀತಿಯ ಪಾಠವೂ ಹೌದು.

ವೈರದ ಬೀಜ

ಚಾಳುಕ್ಯ-ಚೋಳ ವೈರದ ಬೇರು ಚಾಳುಕ್ಯರಿಗಿಂತ ಹಿಂದಿನದು. ಕ್ರಿ.ಶ. 949ರಲ್ಲಿ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಕೃಷ್ಣನ ಭಾವ, ಗಂಗ ದೊರೆ ಇಮ್ಮಡಿ ಬೂತುಗನು, ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈ ಸಂಗತಿಯನ್ನು ಹೇಳಿ, ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300, ಕಿಸುಕಾಡು-70, ಬಾಗೆನಾಡು-70 ಎಂಬ ನಾಡುಗಳನ್ನು ಕೊಟ್ಟನೆಂದು ತಿಳಿಸುತ್ತದೆ.

ಬೆಳ್ವೊಲವೆಂದರೆ ಜೋಳ, ಕಡಲೆ, ಹತ್ತಿಗಳಿಗೆ ಹೆಸರಾದ ಇಂದಿನ ಗದಗ ಸೀಮೆಯ ಎರೆಭೂಮಿ. ಆ ಭೂಮಿಯನ್ನು ಉಳುತ್ತಿದ್ದ ಒಕ್ಕಲಿಗನು ತಕ್ಕೋಲವನ್ನು ಕಂಡವನಲ್ಲ; ರಾಜಾದಿತ್ಯನ ಹೆಸರನ್ನು ಕೇಳಿದವನೂ ಅಲ್ಲ. ಆದರೂ ದೂರದ ತಮಿಳು ನಾಡಿನ ಒಂದು ಕೊಲೆಯ ಬಹುಮಾನವಾಗಿ ಅವನ ನಾಡು ಕೈ ಬದಲಾಯಿಸಿತು. ಬೂತುಗನು ಜಿನಭಕ್ತನಾಗಿದ್ದನು. ಬೆಳ್ವೊಲವನ್ನಾಳುತ್ತಿದ್ದಾಗ ಅವನು ಅಣ್ಣಿಗೇರಿಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನು. ಗಂಗ-ಪೆರ್ಮಾಡಿಯ ಹೆಸರಿನ ಆ ಬಸದಿ ನಾಡಿಗೆಲ್ಲ ಹೆಸರುವಾಸಿಯಾಯಿತು. ಮಹಾಕವಿ ಪಂಪನ ತಾಯಿಯ ಮನೆತನದ ನಂಟು ಇದ್ದುದೂ ಇದೇ ಅಣ್ಣಿಗೇರಿಯೊಡನೆ.

ಬಸದಿಯನ್ನು ಕಟ್ಟಿಸಿದವನ ಭಕ್ತಿ ನಿಜವಾದುದು, ದಾನವೂ ನಿಜವಾದುದು. ಆದರೆ ಆ ನಾಡು ಬೂತುಗನಿಗೆ ದೊರೆತ ಬಗೆಯನ್ನು ಚೋಳರ ಅರಮನೆ ಮರೆಯಲಿಲ್ಲ.

ವೇಂಗಿಯ ನೆಪ, ಎಲ್ಲೆಯಿಲ್ಲದ ಆಸೆ

ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ತೆಗೆದು ಚಾಳುಕ್ಯ ರಾಜ್ಯವನ್ನು ಮರಳಿ ಸ್ಥಾಪಿಸಿದನು. 985ರಲ್ಲಿ ಚೋಳ ಸಿಂಹಾಸನಕ್ಕೆ ರಾಜರಾಜನು ಬಂದನು. ಹೊಸ ಹುರುಪಿನ ಎರಡು ರಾಜ್ಯಗಳು ಎದುರುಬದುರಾದವು. ಚೋಳನನ್ನು ಗೆದ್ದು 150 ಆನೆಗಳನ್ನು ಹಿಡಿದುದಾಗಿ ತೈಲಪನ ಕಡೆಯ 992ರ ಕೋಗಳಿ ಶಾಸನ ಹೇಳುತ್ತದೆ. ಮುಂದೆ ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಹಿಡಿದು ಗಂಗವಾಡಿಯನ್ನು ವಶಪಡಿಸಿಕೊಂಡರು. ಎರಡು ರಾಜ್ಯಗಳ ನಡುವೆ ಇದ್ದ ಗಂಗರ ರಾಜ್ಯ ಅಳಿಯಿತು. ಎಲ್ಲೆಗೆ ಎಲ್ಲೆ ತಾಗಿತು.

ಇನ್ನೊಂದು ಕಾರಣ ವೇಂಗಿ. ಕೃಷ್ಣಾ-ಗೋದಾವರಿ ನದಿಗಳ ನಡುವಣ ಆ ಫಲವತ್ತಾದ ನಾಡನ್ನು ಪೂರ್ವ ಚಾಳುಕ್ಯರು ಆಳುತ್ತಿದ್ದರು. ಅಲ್ಲಿಯ ದಾಯಾದಿ ಕಲಹದಲ್ಲಿ ರಾಜರಾಜ ಚೋಳನು ಶಕ್ತಿವರ್ಮನ ಪಕ್ಷ ವಹಿಸಿ ಅವನನ್ನು ಪಟ್ಟಕ್ಕೇರಿಸಿದನು. ಅವನ ತಮ್ಮ ವಿಮಲಾದಿತ್ಯನಿಗೆ ತನ್ನ ಮಗಳನ್ನು ಕೊಟ್ಟನು. ವೇಂಗಿಯು ತಮ್ಮ ಕುಲದ ಶಾಖೆಯೆಂದು ತಿಳಿದಿದ್ದ ಪಶ್ಚಿಮದ ಚಾಳುಕ್ಯರಿಗೆ ಇದು ಸಹನೆಯಾಗಲಿಲ್ಲ. ಅವರು ಎದುರು ಪಕ್ಷದ ರಾಜಕುಮಾರನಿಗೆ ಬೆಂಬಲವಿತ್ತರು. ಇದು ಎರಡು ಮೂರು ತಲೆಮಾರುಗಳವರೆಗೆ ನಡೆಯಿತು.

ಎಲ್ಲೆಯ ಭಯ, ಫಲವತ್ತಾದ ನೆಲದ ಆಸೆ, ನೆಂಟಸ್ತಿಕೆಯ ನೆಪ, ಹಳೆಯ ಸೋಲಿನ ನೆನಪು ಎಂಬ ಈ ನಾಲ್ಕೂ ಕೂಡಿದಾಗ ಯುದ್ಧಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಶ್ರಾವಕನಿಗೆ ಹೇಳಿದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಇಷ್ಟು ದೂರದಾಚೆಗೆ ಹೋಗುವುದಿಲ್ಲ ಎಂದು ಗೃಹಸ್ಥನು ತನಗೆ ತಾನೇ ಎಲ್ಲೆ ಹಾಕಿಕೊಳ್ಳುವ ವ್ರತವಿದು. ದೊರೆಗಳ ಆದರ್ಶ ದಿಗ್ವಿಜಯ. ಒಂದು ದಿಕ್ಕುಗಳಿಗೆ ಮಿತಿ ಹಾಕುತ್ತದೆ. ಇನ್ನೊಂದು ಇದ್ದ ಮಿತಿಯನ್ನೆಲ್ಲ ಅಳಿಸುತ್ತದೆ. ಚಾಳುಕ್ಯ-ಚೋಳ ಯುದ್ಧಗಳ ಮೂಲವನ್ನು ಈ ಎರಡು ಶಬ್ದಗಳ ಅಂತರದಲ್ಲಿ ಕಾಣಬಹುದು.

ಶಕ ವರ್ಷ 929

ಕ್ರಿ.ಶ. 1007, ಎಂದರೆ ಶಕ ವರ್ಷ 929, ಈ ನಾಡಿನ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಆ ವರ್ಷದ ಎರಡು ಶಾಸನಗಳು ಒಂದರ ಪಕ್ಕದಲ್ಲೊಂದನ್ನಿಟ್ಟು ಓದತಕ್ಕವು.

ಮೊದಲನೆಯದು ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ ಶಾಸನ. ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ದೋಣವೂರಿನವರೆಗೆ ಬಂದು ನಾಡನ್ನು ಸೂರೆಗೊಂಡನು, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದನು, ಕನ್ಯೆಯರನ್ನು ಸೆರೆಹಿಡಿದನು ಎಂದು ಅದು ಹೇಳುತ್ತದೆ. ಚಾಳುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದುದನ್ನೂ ಅದು ಕೊಂಡಾಡುತ್ತದೆ. ಸೈನ್ಯದ ಸಂಖ್ಯೆಯಲ್ಲಿ ಅತಿಶಯೋಕ್ತಿಯಿದೆ. ಶತ್ರುವಿನ ವಿಷಯದಲ್ಲಿ ಬರೆದ ಮಾತಾದುದರಿಂದ ಬಣ್ಣವೂ ಸೇರಿರಬಹುದು. ಆದರೆ ಇಡತುರೈನಾಡು ಎಂದರೆ ನಮ್ಮ ಎಡೆದೊರೆ, ಬನವಾಸಿ, ಕೊಲ್ಲಿಪಾಕೆ, ಮಾನ್ಯಖೇಟಗಳನ್ನು ರಾಜೇಂದ್ರನು ಗೆದ್ದನೆಂದು ಚೋಳರ ಶಾಸನಗಳೇ ಹೆಮ್ಮೆಯಿಂದ ಹೇಳಿಕೊಳ್ಳುವಾಗ, ದಾಳಿ ನಡೆದ ಸಂಗತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಎರಡನೆಯದು ಲಕ್ಕುಂಡಿಯ ಶಾಸನ. ಅದೇ ಶಕ 929ರಲ್ಲಿ, ಅದೇ ಸತ್ಯಾಶ್ರಯನ ಆಳ್ವಿಕೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಅಲ್ಲಿ ಜಿನಾಲಯವನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಅದು ದಾಖಲಿಸುತ್ತದೆ. ಅತ್ತಿಮಬ್ಬೆಯು ಯುದ್ಧದಿಂದ ದೂರವಿದ್ದ ಮನೆಯ ಹೆಣ್ಣುಮಗಳಲ್ಲ. ತಂದೆ ಮಲ್ಲಪ, ಮಾವ ಧಲ್ಲಪ, ಪತಿ ನಾಗದೇವ ಎಲ್ಲರೂ ತೈಲಪನ ಆಶ್ರಯದ ಪ್ರಮುಖರು, ವೀರರು. ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಅವಳ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು, ವ್ರತನಿಷ್ಠೆಯಲ್ಲಿ ಬಾಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು.

ಸಾವಿರ ಪ್ರತಿಗಳೆಂದರೆ ಒಂದೊಂದು ಗರಿಯನ್ನೂ ಕೈಯಿಂದ ಬರೆಯಬೇಕಾಗಿದ್ದ ಕಾಲದ ಮಾತು. ಗ್ರಂಥದ ಒಂದೇ ಪ್ರತಿಯಿದ್ದರೆ ಒಂದು ಬೆಂಕಿ ಸಾಕು. ಸಾವಿರ ಮನೆಗಳಲ್ಲಿ ಸಾವಿರ ಪ್ರತಿಗಳಿದ್ದರೆ ಯಾವ ದಂಡೂ ಅದನ್ನು ಅಳಿಸಲಾರದು. ಸೈನ್ಯಗಳು ಸಂಚರಿಸುತ್ತಿದ್ದ ಕಾಲದಲ್ಲಿ ಈ ಶಾಸ್ತ್ರದಾನದಿಂದ ಧರ್ಮರಕ್ಷಣೆಯೂ ಆಯಿತು.

ಕೊಪ್ಪಂ ಕಾಳಗ ಮತ್ತು ಬೆಳ್ವೊಲದ ಬಸದಿಗಳು

1007ರ ಬಳಿಕವೂ ಯುದ್ಧ ನಿಲ್ಲಲಿಲ್ಲ. ಇಮ್ಮಡಿ ಜಯಸಿಂಹನ ಕಾಲದಲ್ಲಿ ಸುಮಾರು 1021ರಲ್ಲಿ ಮಸ್ಕಿಯ ಬಳಿ ಕಾಳಗ ನಡೆಯಿತು. ಆಹವಮಲ್ಲ ಒಂದನೆಯ ಸೋಮೇಶ್ವರನ ಕಾಲದಲ್ಲಿ ರಾಜಾಧಿರಾಜ ಚೋಳನು ಕಲ್ಯಾಣದವರೆಗೆ ಬಂದು ನಗರವನ್ನು ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದನು. ಕಲ್ಯಾಣಪುರವನ್ನು ಸುಟ್ಟು ತಂದ ವಿಗ್ರಹವೆಂಬ ತಮಿಳು ಬರಹ ಅದರ ಪೀಠದಲ್ಲಿದೆ. ಬಾಗಿಲು ಕಾಯಬೇಕಾದ ಕಲ್ಲು ಕೊಳ್ಳೆಯ ಗುರುತಾಗಿ ಪರದೇಶ ಸೇರಿತು.

ಈ ದಾಳಿಗಳಲ್ಲೊಂದು ಬೆಳ್ವೊಲದ ಮೇಲೆ ಎರಗಿತು. ಗಾವರವಾಡ ಮತ್ತು ಅಣ್ಣಿಗೇರಿಗಳ 1071-72ರ ಶಾಸನಗಳು ಅದನ್ನು ನೋವಿನಿಂದ ನೆನೆಯುತ್ತವೆ. ಚೋಳನು ಕುಲಾಚಾರವನ್ನು ಬಿಟ್ಟು ಬೆಳ್ವೊಲ ನಾಡನ್ನು ಹೊಕ್ಕು ದೇವಾಲಯಗಳನ್ನು ಸುಟ್ಟನು. ಗಂಗ-ಪೆರ್ಮಾಡಿ ಕಟ್ಟಿಸಿದ ಜಿನಾಲಯಗಳನ್ನೂ ಕೆಡಿಸಿದನು. ಕೊನೆಗೆ ಯುದ್ಧದಲ್ಲಿ ಸೋಮೇಶ್ವರನಿಗೆ ತನ್ನ ತಲೆಯನ್ನೇ ಒಪ್ಪಿಸಿದನು ಎಂಬುದು ಅವುಗಳ ಸಾರಾಂಶ.

ಆ ಕೊನೆಯ ಯುದ್ಧವೇ 1054ರ ಕೊಪ್ಪಂ ಕಾಳಗ. ರಾಜಾಧಿರಾಜನು ಆನೆಯ ಮೇಲೆ ಕುಳಿತು ಹೋರಾಡುತ್ತಿದ್ದಾಗಲೇ ಮಡಿದನು. ಅವನ ತಮ್ಮ ಇಮ್ಮಡಿ ರಾಜೇಂದ್ರನು ಸೈನ್ಯವನ್ನು ಮತ್ತೆ ಕೂಡಿಸಿ, ಹೆಣಗಳ ನಡುವೆ ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡನು.

949ರಲ್ಲಿ ತಕ್ಕೋಲದಲ್ಲಿ ಆನೆಯ ಮೇಲೆ ಚೋಳ ರಾಜಾದಿತ್ಯನ ಸಾವು. ಕೊಂದವನಿಗೆ ಬಹುಮಾನ ಬೆಳ್ವೊಲ. ಬೆಳ್ವೊಲದಲ್ಲಿ ಅವನು ಕಟ್ಟಿಸಿದ ಬಸದಿಗೆ ಚೋಳರ ಬೆಂಕಿ. ಬೆಂಕಿ ಇಟ್ಟವನಿಗೆ 1054ರಲ್ಲಿ ಕೊಪ್ಪದಲ್ಲಿ ಆನೆಯ ಮೇಲೆಯೇ ಸಾವು. ನೂರೈದು ವರ್ಷಗಳಲ್ಲಿ ವೈರವು ತಲೆಮಾರಿನಿಂದ ತಲೆಮಾರಿಗೆ ಬಡ್ಡಿಸಮೇತ ವರ್ಗವಾಯಿತು. ಸಾಲ ಮಾಡಿದವರು ಅರಮನೆಯವರು. ಜಪ್ತಿಯಾದುದು ಅಣ್ಣಿಗೇರಿಯ ಬಸದಿ.

ಮತದ್ವೇಷವೆನ್ನಬಹುದೇ?

ಚೋಳರು ಶೈವರಾದುದರಿಂದ ಜೈನ ಬಸದಿಗಳನ್ನು ಸುಟ್ಟರು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ. ರಾಜರಾಜ ಚೋಳನ ಅಕ್ಕ ಕುಂದವೈ ದಾದಾಪುರದಲ್ಲಿ ಶಿವಾಲಯ, ವಿಷ್ಣ್ವಾಲಯಗಳ ಜೊತೆಗೆ ಜಿನಾಲಯವನ್ನೂ ಕಟ್ಟಿಸಿದಳು. ಪೋಳೂರಿನ ಸಮೀಪದ ತಿರುಮಲೆ ಬೆಟ್ಟದಲ್ಲಿಯೂ ಕುಂದವೈ ಜಿನಾಲಯವಿದೆ. ರಾಜೇಂದ್ರನ ದಿಗ್ವಿಜಯಗಳ ಪಟ್ಟಿಯುಳ್ಳ ಪ್ರಸಿದ್ಧ ಶಾಸನ ಕೆತ್ತಿರುವುದು ಇದೇ ಜೈನ ಬೆಟ್ಟದ ಬಂಡೆಯ ಮೇಲೆ. ಎಡೆದೊರೆಯನ್ನು ಗೆದ್ದೆ, ಬನವಾಸಿಯನ್ನು ಗೆದ್ದೆ ಎಂಬ ಬಿರುದಾವಳಿಯ ಕೊನೆಯಲ್ಲಿ ಇರುವ ದಾನ ಯಾವುದು? ವರ್ತಕನೊಬ್ಬನ ಹೆಂಡತಿ ಜಿನಾಲಯದ ದೀಪಕ್ಕೂ ನೈವೇದ್ಯಕ್ಕೂ ಕೊಟ್ಟ ಹಣ. ಕನ್ನಡ ನಾಡಿನ ಸೂರೆಯ ಕೀರ್ತಿಯೂ ತಮಿಳು ಶ್ರಾವಿಕೆಯ ದೀಪದಾನವೂ ಒಂದೇ ಕಲ್ಲಿನಲ್ಲಿವೆ.

ಆದುದರಿಂದ ಬೆಳ್ವೊಲದ ಬಸದಿಗಳು ಸುಟ್ಟುದು ಮತದ್ವೇಷದಿಂದ ಎನ್ನುವುದಕ್ಕಿಂತ, ಅವು ಶತ್ರುರಾಜ್ಯದ ವೈಭವದ ಗುರುತುಗಳಾಗಿದ್ದುದರಿಂದ ಎನ್ನುವುದು ಹೆಚ್ಚು ಯುಕ್ತ. ಯುದ್ಧವು ದೇವರನ್ನು ನೋಡಿ ಬೆಂಕಿ ಇಡುವುದಿಲ್ಲ. ಎಲ್ಲೆಯನ್ನು ನೋಡಿ ಇಡುತ್ತದೆ. ಅದೇ ಕಾಲದಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಕನ್ನಡ ನಾಡಿನಲ್ಲಿಯೂ ತಮಿಳು ನಾಡಿನಲ್ಲಿಯೂ ವ್ಯಾಪಾರ ನಡೆಸಿ ಎರಡೂ ಕಡೆ ಶಾಸನಗಳನ್ನು ಬಿಟ್ಟಿದ್ದಾರೆ. ದೊರೆಗಳಿಗೆ ರಣರಂಗವಾದ ದಾರಿ ವರ್ತಕನಿಗೆ ಪೇಟೆಗೆ ಹೋಗುವ ದಾರಿಯಾಗಿತ್ತು.

ಗೆದ್ದವರು ಯಾರು?

ಕೊಪ್ಪದ ನಂತರವೂ ಕೂಡಲಸಂಗಮದ ಕಾಳಗ ನಡೆಯಿತು. ಕಂಪಿಲಿ ನಗರ ಸುಟ್ಟಿತು. 1068ರಲ್ಲಿ ವ್ಯಾಧಿಪೀಡಿತನಾದ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಹೊಕ್ಕು ಪ್ರಾಣಬಿಟ್ಟನು. ಅದರ ಬಳಿಕ ವೀರರಾಜೇಂದ್ರ ಚೋಳನು ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನಿಗೆ ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿದನು. ಮದುವೆಯಿಂದ ಆಗಬಹುದಾದ ಸಂಧಿಗೆ ಮುನ್ನ ಎಷ್ಟು ಮನೆಗಳ ಮಕ್ಕಳು ಬಲಿಯಾಗಿದ್ದರು!

1070ರಲ್ಲಿ ಚೋಳ ಸಿಂಹಾಸನವನ್ನೇರಿದವನು ಕುಲೋತ್ತುಂಗ. ಅವನು ಯಾರು? ವೇಂಗಿಯ ರಾಜರಾಜನರೇಂದ್ರನ ಮಗ, ವಿಮಲಾದಿತ್ಯನ ಮೊಮ್ಮಗ. ತಾಯಿಯ ಕಡೆಯಿಂದ ಚೋಳ, ತಂದೆಯ ಕಡೆಯಿಂದ ಚಾಳುಕ್ಯ. ಯಾವ ವೇಂಗಿಗಾಗಿ ಎರಡು ಕುಲಗಳು ಎಪ್ಪತ್ತು ವರ್ಷ ಕಾದಾಡಿದವೋ, ಆ ವೇಂಗಿಯ ಚಾಳುಕ್ಯ ವಂಶದವನೇ ಚೋಳರ ದೊರೆಯಾದನು. ಚೋಳರು ಗೆದ್ದರೆನ್ನೋಣವೇ ಎಂದರೆ ಅವರ ಗಂಡುಸಂತತಿಯ ಕೈಯಿಂದ ಸಿಂಹಾಸನ ಹೋಯಿತು. ಚಾಳುಕ್ಯರು ಗೆದ್ದರೆನ್ನೋಣವೇ ಎಂದರೆ ವೇಂಗಿ ಅವರ ಕೈಗೆ ಬರಲಿಲ್ಲ. ವ್ಯಾಪಾರಸ್ಥನು ಇಂಥ ವ್ಯವಹಾರದ ಅಡಾವೆ ಪತ್ರಿಕೆಯನ್ನು ತೆಗೆದರೆ ಖರ್ಚಿನ ಕಡೆ ತುಂಬಿರುತ್ತದೆ. ಜಮೆಯ ಕಡೆ ಬಿರುದುಗಳ ಹೊರತು ಮತ್ತೇನೂ ಇರುವುದಿಲ್ಲ.

ಹದಿನೇಳು ವರ್ಷಗಳ ಬಳಿಕ

ಕೊಪ್ಪದಲ್ಲಿ ಶತ್ರುವಿನ ತಲೆ ಉರುಳಿದಾಗ ಬೆಳ್ವೊಲದ ಸೇಡು ತೀರಿತೆಂದು ಹಲವರು ಸಂತೋಷಪಟ್ಟಿರಬಹುದು. ಆದರೆ ಆ ತಲೆಯಿಂದ ಅಣ್ಣಿಗೇರಿಯ ಬಸದಿಗೆ ಒಂದು ಇಟ್ಟಿಗೆಯೂ ಬರಲಿಲ್ಲ. ಬಸದಿಯ ಜೀರ್ಣೋದ್ಧಾರದ ಶಾಸನ ದೊರೆಯುವುದು ಹದಿನೇಳು ವರ್ಷಗಳ ನಂತರ, 1071ರಲ್ಲಿ. ಬೆಳ್ವೊಲ-300 ಮತ್ತು ಪುಲಿಗೆರೆ-300ಗಳನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಇಮ್ಮಡಿ ಸೋಮೇಶ್ವರನ ಕಾಲದಲ್ಲಿ ಅದನ್ನು ಮತ್ತೆ ನೆಲೆಗೊಳಿಸಿ, ದತ್ತಿಯನ್ನು ತ್ರಿಭುವನಚಂದ್ರ ಮುನಿಗಳಿಗೆ ಒಪ್ಪಿಸಿದನು.

ದತ್ತಿಯ ವಿವರ ಜನರ ನೆನಪಿನಲ್ಲಿಯೂ ಬರಹದಲ್ಲಿಯೂ ಉಳಿದಿದ್ದುದರಿಂದಲೇ ಅದನ್ನು ಮರಳಿ ನಡೆಸಲು ಸಾಧ್ಯವಾಯಿತು. ಕಟ್ಟಿದವನು ಯಾರು, ಕೆಡಿಸಿದವನು ಯಾರು, ಉದ್ಧರಿಸಿದವನು ಯಾರು ಎಂಬ ಮೂರನ್ನೂ ಒಂದೇ ಕಡೆ ಬರೆದಿಟ್ಟ ಆ ಶಾಸನಕಾರನ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಗಂಗವಾಡಿಯ ಬಸದಿಗಳು ಇನ್ನೂ ಹೆಚ್ಚು ಕಾಲ ಕಾಯಬೇಕಾಯಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡನ್ನು ಚೋಳರಿಂದ ಬಿಡಿಸಿಕೊಂಡನು. ದೊರೆ ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ ಅವನು ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತಾಯಿ ಪೋಚಲೆಯೂ ಪತ್ನಿ ಲಕ್ಷ್ಮಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟನು. ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನು. ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಚೋಳರು ತಲಕಾಡನ್ನು ಹಿಡಿದಂದಿನಿಂದ ಇಲ್ಲಿಗೆ ನೂರು ವರ್ಷಗಳ ಮೇಲಾಗಿತ್ತು.

ಶ್ರಾವಕನ ವಿಚಾರ

ನಾಗದೇವ, ಚಾವುಂಡರಾಯ, ಗಂಗರಾಜ ಮೊದಲಾದ ಜಿನಭಕ್ತರು ಕತ್ತಿ ಹಿಡಿದವರಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಶಾಸ್ತ್ರವು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಲೇಬೇಕು. ತನ್ನನ್ನೂ ಆಶ್ರಿತರನ್ನೂ ಕಾಯುವಾಗ ಅನಿವಾರ್ಯವಾಗಿ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಸಂಪೂರ್ಣ ಬಿಡಲಾರನೆಂಬುದನ್ನು ಶಾಸ್ತ್ರ ಬಲ್ಲದು. 1007ರಲ್ಲಿ ನಾಡು ಕಾಯಲು ನಿಂತ ಯೋಧನನ್ನು ಈ ದೃಷ್ಟಿಯಿಂದ ನೋಡಬೇಕು.

ಆದರೆ ಇಲ್ಲಿಯೇ ಎಚ್ಚರ ಬೇಕು. ಚೋಳರ ಶಾಸನವನ್ನು ಓದಿದರೆ ಅವರದು ನ್ಯಾಯವಾದ ಪ್ರತೀಕಾರ. ಚಾಳುಕ್ಯರ ಶಾಸನವನ್ನು ಓದಿದರೆ ಇವರದೂ ಅದೇ. ಎರಡೂ ಪಕ್ಷಗಳು ತಮ್ಮ ಹಿಂಸೆಯನ್ನು ವಿರೋಧಿಯೆಂದೇ ಬರೆದುಕೊಂಡಿವೆ. ಎಲ್ಲೆ ದಾಟಿ ಹೋಗಿ ನಗರ ಸುಡುವುದು, ಪರರ ದೇವಾಲಯದ ವಿಗ್ರಹವನ್ನು ಹೊತ್ತು ತರುವುದು ರಕ್ಷಣೆಯಲ್ಲ, ಸಂಕಲ್ಪ. ರಕ್ಷಣೆಯ ಹೆಸರಿನಲ್ಲಿ ಆರಂಭವಾದುದು ಯಾವ ಕ್ಷಣದಲ್ಲಿ ಸಂಕಲ್ಪಿ ಹಿಂಸೆಯಾಯಿತೆಂದು ತನ್ನನ್ನು ತಾನು ಕೇಳಿಕೊಳ್ಳುವುದೇ ಶ್ರಾವಕನ ವಿವೇಕ.

ವೈರಾನುಬಂಧವೆಂಬುದು ಜೈನ ಕಥೆಗಳ ಚಿರಪರಿಚಿತ ವಿಷಯ. ಮರುಭೂತಿಯ ಮೇಲೆ ಕಮಠನು ತಾಳಿದ ದ್ವೇಷ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿ ಬಂದುದನ್ನು ಎಲ್ಲರೂ ಬಲ್ಲರು. ಅದು ಕೊನೆಗೊಂಡುದು ಪಾರ್ಶ್ವನಾಥ ಸ್ವಾಮಿಯು ಉಪಸರ್ಗವನ್ನು ಸಮತೆಯಿಂದ ಸಹಿಸಿದಾಗ. ಇದನ್ನು ವ್ಯಕ್ತಿಗಳ ಕಥೆಯೆಂದು ಕೇಳಿ ಬಿಡುವುದು ರೂಢಿ. ರಾಜ್ಯಗಳಿಗೂ ರಾಷ್ಟ್ರಗಳಿಗೂ ಅದು ಅಷ್ಟೇ ಅನ್ವಯಿಸುತ್ತದೆ. 1918ರಲ್ಲಿ ಸೋತ ಜರ್ಮನಿಯು ಫ್ರಾನ್ಸಿನ ಕಾಂಪಿಯೇನ್ ಅಡವಿಯಲ್ಲಿ ಒಂದು ರೈಲು ಗಾಡಿಯೊಳಗೆ ಕದನವಿರಾಮಕ್ಕೆ ಸಹಿ ಹಾಕಿತು. 1940ರಲ್ಲಿ ಹಿಟ್ಲರನು ಸೋತ ಫ್ರಾನ್ಸಿನ ಸಹಿಯನ್ನು ಅದೇ ಅಡವಿಗೆ, ಅದೇ ಗಾಡಿಗೆ ಕರೆಸಿ ತೆಗೆದುಕೊಂಡನು. ಐದು ವರ್ಷ ಕಳೆಯುವಷ್ಟರಲ್ಲಿ ಜರ್ಮನಿಯ ನಗರಗಳೇ ಬೂದಿಯಾಗಿದ್ದವು. ತಕ್ಕೋಲದಿಂದ ಕೊಪ್ಪದವರೆಗಿನ ಕಥೆಗೂ ಇದಕ್ಕೂ ಆಯುಧಗಳಲ್ಲಿ ವ್ಯತ್ಯಾಸ. ವೈರದ ಸ್ವಭಾವದಲ್ಲಿ ಇಲ್ಲ.

ಯುದ್ಧವನ್ನು ತಡೆಯುವ ಬಲ ಸಾಮಾನ್ಯ ಗೃಹಸ್ಥನಿಗಿಲ್ಲವೆಂಬುದು ನಿಜ. ಆದರೂ ಅವನ ಪಾಲಿಗೆ ಬರುವ ಕೆಲಸಗಳಿವೆ. ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದೆಂದು ಆಚಾರ್ಯರು ಹೇಳಿದ್ದಾರೆ. ಕೊಲ್ಲುವ ಸಾಧನಗಳನ್ನು ಪರರ ಕೈಗೆ ಕೊಡದಿರುವುದು ಆ ವ್ರತದ ಅರ್ಥ. ದ್ವೇಷದ ಮಾತೂ ಅಂಥದೊಂದು ಸಾಧನವೇ ಎಂಬುದನ್ನು ಮನೆಯ ಮಕ್ಕಳಿಗೆ ತಿಳಿಸಬೇಕು. ಭರತ-ಬಾಹುಬಲಿಗಳ ಕಥೆಯನ್ನು ಹೇಳುವಾಗ ತ್ಯಾಗದ ಘಟ್ಟಕ್ಕೆ ಬರುವ ಮೊದಲು, ಸೈನ್ಯಗಳ ನಾಶವಾಗಬಾರದೆಂದು ಮಂತ್ರಿಗಳು ಇಬ್ಬರನ್ನೇ ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಪ್ಪಿಸಿದ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು. ಜಗಳವಾಡುವವರೇ ಅದರ ಬೆಲೆ ತೆರಬೇಕೆಂಬ ನ್ಯಾಯ ಅಲ್ಲಿದೆ. ಬೆಳ್ವೊಲಕ್ಕೆ ದೊರೆಯದೆ ಹೋದ ನ್ಯಾಯ ಅದು.

ಬಸದಿಗಳ ಟ್ರಸ್ಟುಗಳಿಗೂ ಈ ಇತಿಹಾಸದಲ್ಲಿ ಒಂದು ಮಾತಿದೆ. ಶಾಸನದ ಕಲ್ಲುಗಳಿಗೆ ಸುಣ್ಣ ಬಳಿಯದೆ, ಗೋಡೆಯೊಳಗೆ ಸೇರಿಸಿಬಿಡದೆ, ಅವುಗಳ ಪಾಠವನ್ನು ತಿಳಿದವರಿಂದ ಓದಿಸಿ ಎಲ್ಲರಿಗೂ ಕಾಣುವಂತೆ ಬರೆದಿಡುವುದು ಟ್ರಸ್ಟಿನ ಕರ್ತವ್ಯಗಳಲ್ಲಿ ಒಂದಾಗಬೇಕು. ಜಮೀನು, ದತ್ತಿ, ಗ್ರಂಥಗಳ ವಿವರಗಳು ಒಂದೇ ಕಪಾಟಿನಲ್ಲಿರದೆ ಹಲವು ಕಡೆ ಇರಬೇಕು. ಅತ್ತಿಮಬ್ಬೆಯ ಸಾವಿರ ಪ್ರತಿಗಳು ಕಲಿಸುವ ಬುದ್ಧಿ ಅದೇ. ಕೆಡಿಸಿದವರ ಹೆಸರನ್ನು ಶಾಸನ ಹೇಳಿದರೆ ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಲ್ಲಿಗೇ ಓದು ನಿಲ್ಲಿಸದೆ, ಉದ್ಧರಿಸಿದವರ ಹೆಸರಿರುವ ಸಾಲಿನವರೆಗೂ ಓದಬೇಕು. ಅಣ್ಣಿಗೇರಿಯ ಶಾಸನವನ್ನು ಬರೆಯಿಸಿದವರ ಉದ್ದೇಶವೂ ಲಕ್ಷ್ಮರಸನ ದತ್ತಿ ಮುಂದೆ ನಡೆಯಬೇಕೆಂಬುದೇ ಆಗಿತ್ತು.